ಗಲ್ಲಾಪೆಟ್ಟಿಗೆಯಲ್ಲಿ ಸರ್ಕಾರದ ದುಡ್ಡು ಎಷ್ಟು ದಿನ ಇರಬೇಕು?

(ದಾವಣಗೆರೆಯಲ್ಲಿ ಸಣ್ಣ ಮತ್ತು ಮಧ್ಯಮ ವರ್ತಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಲಾಗಿದೆ.)

ತಿಂಗಳಿಗೊಮ್ಮೆ ಕಟ್ಟುವುದೋ, ಮೂರು ತಿಂಗಳಿಗೊಮ್ಮೆ ಕಟ್ಟುವುದೋ? ಚೌಕಿಪೇಟೆ, ಮಂಡಿಪೇಟೆ ಕಡೆಯ ಅಂಗಡಿಯವರು ಜಿಎಸ್‌ಟಿ ನೋಂದಣಿ ಆದ ಕೂಡಲೇ ಆಡಿಟರ್ ಹತ್ತಿರ ಕೇಳುವ ಮೊದಲ ಮಾತು ಇದು. ಆದರೆ ಇದರೊಳಗೆ ಎರಡು ಪ್ರಶ್ನೆಗಳಿವೆ. ರಿಟರ್ನ್, ಅಂದರೆ ವ್ಯಾಪಾರ ಮತ್ತು ತೆರಿಗೆಯ ಲೆಕ್ಕ, ಹಾಕುವುದು ಒಂದು, ತೆರಿಗೆ ಕಟ್ಟುವುದು ಇನ್ನೊಂದು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರೂ ತೆರಿಗೆಯನ್ನು ತಿಂಗಳು ತಿಂಗಳು ಕಟ್ಟಲೇಬೇಕು. ಇದನ್ನು ಗಮನಿಸದೆ ‘ನಂದು ಮೂರು ತಿಂಗಳ ಲೆಕ್ಕ’ ಅಂತ ನಿಶ್ಚಿಂತೆಯಿಂದ ಕೂತವರಿಗೆ ತ್ರೈಮಾಸಿಕದ ಕೊನೆಯಲ್ಲಿ ಬಡ್ಡಿಯ ಲೆಕ್ಕ ಎದುರಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಷ್ಟು ದಿನಕ್ಕೊಮ್ಮೆ ಕಟ್ಟಬೇಕು ಅನ್ನುವುದನ್ನು ವಹಿವಾಟಿನ ಗಾತ್ರ ನೋಡಿ ಕಾನೂನು ಹೇಳುತ್ತದೆ. ಅದರೊಳಗೆ ನಮಗೆ ಬಿಟ್ಟಿರುವ ಆಯ್ಕೆಯನ್ನು ಮಾತ್ರ ಗಿರಾಕಿ ಯಾರು, ಅವನು ದುಡ್ಡು ಯಾವಾಗ ಕೊಡುತ್ತಾನೆ ಅನ್ನುವುದನ್ನು ನೋಡಿ ಮಾಡಬೇಕು. ‘ಕಡಿಮೆ ಸಲ ಕಟ್ಟಿದರೆ ಕಡಿಮೆ ತಲೆನೋವು’ ಎಂದು ಆರಿಸಿಕೊಂಡವರಿಗೆ ಸಾಮಾನ್ಯವಾಗಿ ತಲೆನೋವು ಹೆಚ್ಚೇ ಆಗಿದೆ.

ಇದು ಜಿಎಸ್‌ಟಿ ತಂದ ಹೊಸ ಪದ್ಧತಿಯೇನೂ ಅಲ್ಲ. 2005ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ವ್ಯಾಟ್ ಬಂದಾಗಲೂ ಸಾಮಾನ್ಯ ವರ್ತಕರು ತಿಂಗಳು ಮುಗಿದ 20 ದಿನದೊಳಗೆ ರಿಟರ್ನ್ ಹಾಕಿ ತೆರಿಗೆ ಕಟ್ಟುತ್ತಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 20ನೇ ತಾರೀಖು ಹಾಗೇ ಉಳಿಯಿತು. ಬದಲಾದದ್ದು ಏನೆಂದರೆ, ಈಗ ನಾವು ಕಟ್ಟದಿದ್ದರೆ ಅದು ನಮ್ಮ ಗಿರಾಕಿಗೂ ಗೊತ್ತಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಮೊದಲು ಯಾರು ಯಾವ ಸಾಲಿನಲ್ಲಿ ನಿಲ್ಲುತ್ತಾರೆ ನೋಡೋಣ. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ನಮ್ಮ ರಾಜ್ಯದಲ್ಲಿ ನೋಂದಣಿ ಬೇಡ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗ ಎಲ್ಲರ ಬಾಯಲ್ಲೂ ಈ ಎರಡು ಅಂಕಿಗಳೇ ಇದ್ದವು. ಬಿಡಿ ಮಂಡಕ್ಕಿಯಂಥ ತೆರಿಗೆಯೇ ಇಲ್ಲದ ಮಾಲನ್ನಷ್ಟೇ ಮಾರುವವರು ಎಷ್ಟೇ ವ್ಯಾಪಾರ ಮಾಡಿದರೂ ನೋಂದಣಿ ಬೇಕಿಲ್ಲ. ಆದರೆ ಮಂಡಕ್ಕಿ ಜೊತೆಗೆ ತೆರಿಗೆ ಇರುವ ಪ್ಯಾಕೆಟ್ ಮಾಲನ್ನೂ ಮಾರಿದರೆ, ಮಿತಿ ಲೆಕ್ಕ ಹಾಕುವಾಗ ಮಂಡಕ್ಕಿಯ ಮಾರಾಟವೂ ಒಳಗೆ ಸೇರುತ್ತದೆ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಇದು ನೆನಪಿರಬೇಕು.

ನೋಂದಣಿ ಆದವರಲ್ಲಿ ಮೂರು ಗುಂಪು. ವರ್ಷಕ್ಕೆ 1.5 ಕೋಟಿ ವಹಿವಾಟಿನ ತನಕ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ, ಆರಿಸಿಕೊಳ್ಳಬಹುದು. 5 ಕೋಟಿ ತನಕ ತ್ರೈಮಾಸಿಕ ರಿಟರ್ನ್, ತಿಂಗಳ ಪಾವತಿ. ಇದಕ್ಕೆ ಕ್ಯೂಆರ್‌ಎಂಪಿ ಎನ್ನುತ್ತಾರೆ, 2021ರ ಜನವರಿ 1ರಿಂದ ಜಾರಿಯಲ್ಲಿದೆ. 5 ಕೋಟಿ ದಾಟಿದರೆ ಆಯ್ಕೆ ಇಲ್ಲ, ಪ್ರತಿ ತಿಂಗಳು ರಿಟರ್ನ್, ಪ್ರತಿ ತಿಂಗಳು ತೆರಿಗೆ. ಈ ಲೆಕ್ಕ ಪ್ಯಾನ್ ಮೇಲೆ ನಡೆಯುತ್ತದೆ. ದಾವಣಗೆರೆಯಲ್ಲೊಂದು, ಹುಬ್ಬಳ್ಳಿಯಲ್ಲೊಂದು ಅಂಗಡಿ ಇದ್ದರೆ ಎರಡನ್ನೂ ಕೂಡಿಸಿಯೇ ನೋಡುತ್ತಾರೆ.

ಕಾಂಪೋಸಿಷನ್‌ನವರದು ನೇರ ಲೆಕ್ಕ. ಬೆಣ್ಣೆ ದೋಸೆ ಹೋಟೆಲ್ ಒಂದನ್ನು ತೆಗೆದುಕೊಳ್ಳಿ. ತ್ರೈಮಾಸಿಕದಲ್ಲಿ 12 ಲಕ್ಷ ವ್ಯಾಪಾರ ಆದರೆ ಶೇ 5ರಂತೆ 60,000 ರೂಪಾಯಿ, ಸಿಎಂಪಿ-08 ನಮೂನೆಯಲ್ಲಿ ಮುಂದಿನ ತಿಂಗಳ 18ರೊಳಗೆ. ಅಂದರೆ ಜುಲೈ 18, ಅಕ್ಟೋಬರ್ 18, ಜನವರಿ 18, ಏಪ್ರಿಲ್ 18. ಅಂಗಡಿ ಇಟ್ಟು ಮಾಲು ಮಾರುವವರಿಗೆ ಶೇ 1. ವರ್ಷದ ಕೊನೆಗೆ ಒಂದು ಜಿಎಸ್‌ಟಿಆರ್-4, ಜೂನ್ 30ರೊಳಗೆ. ಬಿಲ್ಲಿನಲ್ಲಿ ತೆರಿಗೆ ಅಂತ ಬೇರೆ ಹಾಕುವ ಹಾಗಿಲ್ಲ, ಗಿರಾಕಿಯಿಂದ ವಸೂಲಿ ಮಾಡುವ ಹಾಗಿಲ್ಲ, ಇನ್‌ಪುಟ್ (ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ. ನಿಜವಾಗಿ ಮೂರು ತಿಂಗಳಿಗೊಮ್ಮೆ ದುಡ್ಡು ಕಟ್ಟುವವರು ಇವರೊಬ್ಬರೇ. ತೊಂದರೆ ಏನೆಂದರೆ, ಇವರಿಗೆ ತೆರಿಗೆ ಅನ್ನುವುದು ಬಿಲ್ಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ದಿನಕ್ಕೆ 13,000 ಗಲ್ಲಾ ಆಗುವ ಹೋಟೆಲಿನಲ್ಲಿ ದಿನಕ್ಕೆ 650 ರೂಪಾಯಿ ಸರ್ಕಾರದ್ದು. ಎಣ್ಣೆ ಡಬ್ಬ, ಗ್ಯಾಸ್, ಹುಡುಗರ ಸಂಬಳ ಎಲ್ಲ ಅದೇ ಗಲ್ಲಾದಿಂದ ಹೋಗಿ, 18ನೇ ತಾರೀಖಿಗೆ ಒಟ್ಟಿಗೆ 60,000 ಹುಡುಕಬೇಕಾಗುತ್ತದೆ.

ಈಗ ನಿಜವಾದ ತೊಡಕಿಗೆ, ಕ್ಯೂಆರ್‌ಎಂಪಿಗೆ ಬರೋಣ. ಇಲ್ಲಿ ಕೂತಿರುವ ಹೆಚ್ಚಿನವರು ಈ ಗುಂಪಿಗೆ ಸೇರುತ್ತೀರಿ.

ತ್ರೈಮಾಸಿಕದ ಮೊದಲ ತಿಂಗಳು ಮತ್ತು ಎರಡನೇ ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಚಲನ್ ಮೂಲಕ ಕಟ್ಟಬೇಕು. ಮೂರನೇ ತಿಂಗಳದನ್ನು ಜಿಎಸ್‌ಟಿಆರ್-3ಬಿ ರಿಟರ್ನ್ ಜೊತೆ ಕಟ್ಟಬೇಕು. ಕರ್ನಾಟಕದವರಿಗೆ ಅದರ ಕೊನೆಯ ದಿನ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 22. ಉತ್ತರದ ಕೆಲವು ರಾಜ್ಯಗಳಿಗೆ 24 ಇದೆ. ಅಲ್ಲಿನ ಪರಿಚಿತರು ಹೇಳಿದ ತಾರೀಖು ನಂಬಿ ಕೂರಬೇಡಿ.

ಚಲನ್ ಮಾಡಲು ಎರಡು ದಾರಿ. ಒಂದು, ನಿಗದಿತ ಮೊತ್ತ: ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇ 35. ಇದನ್ನು ಜಿಎಸ್‌ಟಿ ಪೋರ್ಟಲ್ (ಸರ್ಕಾರದ ಜಾಲತಾಣ) ತಾನೇ ಲೆಕ್ಕ ಹಾಕಿ ತುಂಬಿಕೊಡುತ್ತದೆ. ಇನ್ನೊಂದು, ಸ್ವಯಂ ಲೆಕ್ಕ: ಆ ತಿಂಗಳ ಮಾರಾಟದ ತೆರಿಗೆಯಿಂದ ಇನ್‌ಪುಟ್ ಕಳೆದು ಉಳಿದದ್ದನ್ನು ನಾವೇ ಲೆಕ್ಕ ಹಾಕಿ ಕಟ್ಟುವುದು. ಹಿಂದೆ ತಿಂಗಳ ರಿಟರ್ನ್ ಹಾಕುತ್ತಿದ್ದು ಈಗಷ್ಟೇ ಬದಲಾದವರಿಗೆ ಶೇ 35 ಅಲ್ಲ. ಕೊನೆಯ ತಿಂಗಳು ನಗದಾಗಿ ಕಟ್ಟಿದ್ದರ ಪೂರ್ತಿ ಮೊತ್ತ.

ಈ ಶೇ 35ರ ದಾರಿಯಲ್ಲಿ ಸಿಗುವ ಅನುಕೂಲ ಎಷ್ಟು ದೊಡ್ಡದು ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಬಟ್ಟೆ ಅಂಗಡಿಯ ಲೆಕ್ಕ ನೋಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಗದಾಗಿ ಕಟ್ಟಿದ ತೆರಿಗೆ 60,000. ಅದರ ಶೇ 35 ಅಂದರೆ 21,000. ಮುಂದಿನದು ದಸರಾ, ದೀಪಾವಳಿ ಇರುವ ತ್ರೈಮಾಸಿಕ. ಅಕ್ಟೋಬರ್‌ನ ನಿಜವಾದ ತೆರಿಗೆ 90,000, ನವೆಂಬರ್ 50,000, ಡಿಸೆಂಬರ್ 30,000 ಎಂದಿಟ್ಟುಕೊಳ್ಳಿ, ಒಟ್ಟು 1,70,000. ನಿಗದಿತ ಮೊತ್ತದ ದಾರಿಯಲ್ಲಿ ನವೆಂಬರ್ 25ಕ್ಕೆ 21,000, ಡಿಸೆಂಬರ್ 25ಕ್ಕೆ 21,000 ಕಟ್ಟಿ, ಉಳಿದ 1,28,000 ಅನ್ನು ಜನವರಿ 22ರೊಳಗೆ ರಿಟರ್ನ್ ಜೊತೆ ಕಟ್ಟಿದರೆ ಸಾಕು. ಮೊದಲ ಎರಡು ತಿಂಗಳಲ್ಲಿ ನಿಜವಾಗಿ ಬರಬೇಕಿದ್ದ ತೆರಿಗೆಗಿಂತ 98,000 ಕಡಿಮೆ ಕಟ್ಟಿದ್ದರೂ ಒಂದು ಪೈಸೆ ಬಡ್ಡಿ ಇಲ್ಲ. ಎರಡೂ ಚಲನ್ ಸಮಯಕ್ಕೆ ಸರಿಯಾಗಿ ಹೋಗಿರಬೇಕು, ಅಷ್ಟೇ.

ಮುಂದಿನ ತ್ರೈಮಾಸಿಕದಲ್ಲಿ ಲೆಕ್ಕ ತಿರುಗುತ್ತದೆ. ಜನವರಿಯಲ್ಲಿ ವ್ಯಾಪಾರ ತಣ್ಣಗಿರುತ್ತದೆ, ನಿಜವಾದ ತೆರಿಗೆ 15,000 ಮಾತ್ರ. ಆದರೆ ಪೋರ್ಟಲ್ ತೋರಿಸುವುದು 1,70,000ದ ಶೇ 35, ಅಂದರೆ 59,500. ‘ಪೋರ್ಟಲ್ ತೋರಿಸಿದೆ, ಕಟ್ಟಲೇಬೇಕು’ ಅಂತ ಕಟ್ಟಿದರೆ 44,500 ರೂಪಾಯಿ ಲೆಡ್ಜರ್‌ನಲ್ಲಿ, ಅಂದರೆ ಪೋರ್ಟಲ್‌ನಲ್ಲಿರುವ ನಮ್ಮ ನಗದು ಖಾತೆಯಲ್ಲಿ, ಸುಮ್ಮನೆ ಕೂರುತ್ತದೆ. ಅದಕ್ಕೆ ಬಡ್ಡಿ ಸಿಗುವುದಿಲ್ಲ, ಆ ತ್ರೈಮಾಸಿಕದ ರಿಟರ್ನ್ ಹಾಕುವ ತನಕ ವಾಪಸ್ ಕೇಳುವ ಹಾಗೂ ಇಲ್ಲ. ಇಂಥ ತಿಂಗಳಲ್ಲಿ ಸ್ವಯಂ ಲೆಕ್ಕದ ದಾರಿ ಹಿಡಿದು 15,000 ಕಟ್ಟಬೇಕು. ಎರಡು ದಾರಿಗಳಲ್ಲಿ ಯಾವುದನ್ನು ಬೇಕಾದರೂ ಯಾವ ತಿಂಗಳಿಗೆ ಬೇಕಾದರೂ ಆರಿಸಬಹುದು. ವರ್ಷಕ್ಕೊಮ್ಮೆ ಬರೆದುಕೊಡುವ ಆಯ್ಕೆ ಇದಲ್ಲ. ಏರುವ ಕಾಲದಲ್ಲಿ ಶೇ 35, ಇಳಿಯುವ ಕಾಲದಲ್ಲಿ ಸ್ವಯಂ ಲೆಕ್ಕ.

ಸ್ವಯಂ ಲೆಕ್ಕದಲ್ಲಿ ಒಂದು ಅಪಾಯ ಇದೆ. ಲೆಕ್ಕ ತಪ್ಪಿ ಕಡಿಮೆ ಕಟ್ಟಿದರೆ, ಕಡಿಮೆ ಬಿದ್ದ ಮೊತ್ತಕ್ಕೆ ಬಡ್ಡಿ ಬರುತ್ತದೆ. ಬಿಲ್ಲುಗಳು ಇನ್ನೂ ಚೀಲದಲ್ಲಿದ್ದು, ಅಂದಾಜಿನ ಮೇಲೆ ಹೇಳುವವರು ಈ ದಾರಿಗೆ ಹೋಗದಿರುವುದೇ ಲೇಸು. ತಿಂಗಳಲ್ಲಿ ಕಟ್ಟಬೇಕಾದ್ದೇ ಇಲ್ಲದಿದ್ದರೆ ಅಥವಾ ಲೆಡ್ಜರ್‌ನಲ್ಲಿ ಸಾಕಷ್ಟು ಹಣ ಇದ್ದರೆ ಆ ತಿಂಗಳ ಚಲನ್ ಬೇಕಿಲ್ಲ. ಚಲನ್ ತಡವಾದರೆ ಬಡ್ಡಿ ಇದೆ, ಲೇಟ್ ಫೀ ಇಲ್ಲ. ಲೇಟ್ ಫೀ ಇರುವುದು ರಿಟರ್ನ್ ತಡವಾದರೆ.

‘ಹಂಗಾದ್ರೆ 5 ಕೋಟಿ ಒಳಗಿನವರೆಲ್ಲ ಕ್ಯೂಆರ್‌ಎಂಪಿಗೇ ಹೋಗೋದು ಒಳ್ಳೇದಲ್ರೀ?’ ಎಂಬ ಪ್ರಶ್ನೆ ಬಂತು. ಇಲ್ಲ. ಗಿರಾಕಿ ಯಾರು ಅನ್ನುವ ಮಾತು ಬರುವುದು ಇಲ್ಲೇ. ಬಟ್ಟೆ ಅಂಗಡಿ, ಬೇಕರಿ, ಚಪ್ಪಲಿ ಅಂಗಡಿ, ಹೀಗೆ ಮನೆಬಳಕೆಯ ಗಿರಾಕಿಗೆ ಮಾರುವವರು ಧಾರಾಳವಾಗಿ ಹೋಗಲಿ. ಆದರೆ ಚೌಕಿಪೇಟೆಯಲ್ಲಿ ಹೋಲ್‌ಸೇಲ್ ಮಾಡುತ್ತಾ ಹರಪನಹಳ್ಳಿ, ಜಗಳೂರು, ಹೊಳಲ್ಕೆರೆಯ ಅಂಗಡಿಗಳಿಗೆ ಮಾಲು ಕಳಿಸುವವರ ಗಿರಾಕಿಗಳೂ ಜಿಎಸ್‌ಟಿ ಇರುವ ವರ್ತಕರೇ. ನಾವು ಬಿಲ್ಲನ್ನು ಪೋರ್ಟಲ್‌ಗೆ ಹಾಕಿದರೆ ಮಾತ್ರ ಅದು ಅವರ ಜಿಎಸ್‌ಟಿಆರ್-2ಬಿಯಲ್ಲಿ (ಅವರಿಗೆ ಸಿಗುವ ಇನ್‌ಪುಟ್‌ನ ಪಟ್ಟಿ) ಕಾಣುತ್ತದೆ, ಕಂಡರೆ ಮಾತ್ರ ಅವರಿಗೆ ಇನ್‌ಪುಟ್. ನಾವು ಏಪ್ರಿಲ್ ಬಿಲ್ಲನ್ನು ಜುಲೈನಲ್ಲಿ ಹಾಕಿದರೆ, ತಿಂಗಳ ರಿಟರ್ನ್ ಹಾಕುವ ಗಿರಾಕಿ ಅಲ್ಲಿಯವರೆಗೆ ತನ್ನ ಜೇಬಿನಿಂದ ತೆರಿಗೆ ಕಟ್ಟಬೇಕಾಗುತ್ತದೆ. ಎರಡು ತಿಂಗಳು ನೋಡಿ, ಮೂರನೇ ತಿಂಗಳು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇದಕ್ಕೆ ಪರಿಹಾರ ಐಎಫ್‌ಎಫ್. ಮೊದಲ ಎರಡು ತಿಂಗಳ ವರ್ತಕರ ಬಿಲ್ಲುಗಳನ್ನಷ್ಟೇ ಮುಂದಿನ ತಿಂಗಳ 1ರಿಂದ 13ರೊಳಗೆ ಹಾಕುವ ಸೌಲಭ್ಯ, ತಿಂಗಳಿಗೆ 50 ಲಕ್ಷದ ಮಾಲಿನ ತನಕ. 13 ದಾಟಿದರೆ ಬಾಗಿಲು ಮುಚ್ಚುತ್ತದೆ. ಆ ಬಿಲ್ಲನ್ನು ಮುಂದಿನ ತಿಂಗಳ ಐಎಫ್‌ಎಫ್‌ನಲ್ಲಿ ಅಥವಾ ತ್ರೈಮಾಸಿಕದ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ಬಿಲ್ಲುಗಳ ರಿಟರ್ನ್) ಹಾಕಬೇಕು. ಹೀಗೆ ತಿಂಗಳು ತಿಂಗಳು ಬಿಲ್ಲು ಹಾಕಿ, ತಿಂಗಳು ತಿಂಗಳು ಚಲನ್ ಕಟ್ಟುವುದಾದರೆ ತಿಂಗಳ ರಿಟರ್ನ್‌ಗೂ ಇದಕ್ಕೂ ಉಳಿಯುವ ವ್ಯತ್ಯಾಸ ಅಲ್ಪ. ಹೋಲ್‌ಸೇಲ್‌ನವರು ತಿಂಗಳ ರಿಟರ್ನ್‌ನಲ್ಲೇ ಇರುವುದು ವಾಸಿ ಎಂದು ನಾವು ಹೇಳುವುದು ಇದಕ್ಕೇ. 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ, 20ಕ್ಕೆ 3ಬಿ. ತಾರೀಖುಗಳು ಒಂದರ ಹಿಂದೆ ಒಂದು ಬರುತ್ತವೆ, ಲೆಕ್ಕ ಬರೆಯುವವರಿಗೂ ಒಂದು ಪದ್ಧತಿ ಬೀಳುತ್ತದೆ.

ಇನ್ನು ಉದ್ರಿಯ ವಿಷಯ. ಸಭೆಯಲ್ಲಿ ಹೆಚ್ಚು ಬಿಸಿ ಏರಿದ್ದು ಇಲ್ಲೇ. ‘ಉದ್ರಿ ಕೊಟ್ಟ ದುಡ್ಡೇ ಬಂದಿಲ್ಲ, ಟ್ಯಾಕ್ಸ್ ಯಾಕ್ ಕಟ್ಬೇಕ್ರೀ?’

ಕಾನೂನಿನ ಉತ್ತರ ಚಿಕ್ಕದು: ಸರಕಿನ ಮೇಲಿನ ತೆರಿಗೆ ಹುಟ್ಟುವುದು ಬಿಲ್ಲು ಹರಿದಾಗ, ದುಡ್ಡು ಬಂದಾಗ ಅಲ್ಲ. ಆದರೆ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಮೆಕ್ಕೆಜೋಳ ಕೈಗೆ ಬಂದ ಮೇಲೆ ಕೊಡುತ್ತೇನೆ ಅನ್ನುವ ರೈತರಿಗೆ ಪಿವಿಸಿ ಪೈಪು ಉದ್ರಿ ಕೊಡುವ ಅಂಗಡಿಯ ಲೆಕ್ಕ ಹಾಕಿ. ಜುಲೈನಲ್ಲಿ 10 ಲಕ್ಷದ ಮಾಲು ಹೋಯಿತು, ಶೇ 18ರಂತೆ ತೆರಿಗೆ 1,80,000. ಅದೇ ಮಾಲನ್ನು 9 ಲಕ್ಷಕ್ಕೆ ಕೊಂಡಾಗಿನ ತೆರಿಗೆ 1,62,000, ಅದು ಇನ್‌ಪುಟ್. ಆಗಸ್ಟ್‌ನಲ್ಲಿ ಸರ್ಕಾರಕ್ಕೆ ನಗದಾಗಿ ಹೋಗುವುದು 18,000 ಮಾತ್ರ. ‘ಲಕ್ಷದ ಎಂಬತ್ತು ಸಾವಿರ ಟ್ಯಾಕ್ಸ್ ಕಟ್ಟಿದೆ’ ಎಂಬ ಗೋಳಿನಲ್ಲಿ ಬಹುಪಾಲು ಕಂಪನಿಗೆ ಕೊಟ್ಟ ದುಡ್ಡೇ. ಕಂಪನಿ 60 ದಿನದ ಉದ್ರಿ ಕೊಟ್ಟಿದ್ದರೆ ಅದೂ ಇನ್ನೂ ಜೇಬಿನಿಂದ ಹೋಗಿಲ್ಲ.

ನಿಜವಾದ ಪೆಟ್ಟು ಬೀಳುವುದು ಕೂಲಿ, ಕೆಲಸಗಾರಿಕೆ ಹೆಚ್ಚು ಇರುವ ಕಸುಬಿಗೆ. ಶೆಡ್ಡು, ಗೇಟು ಮಾಡುವ ಫ್ಯಾಬ್ರಿಕೇಷನ್ ವರ್ಕ್‌ಶಾಪ್ 5 ಲಕ್ಷದ ಬಿಲ್ಲು ಮಾಡಿದರೆ ತೆರಿಗೆ 90,000. ಕಬ್ಬಿಣ ಕೊಂಡದ್ದು 2.5 ಲಕ್ಷಕ್ಕೆ, ಇನ್‌ಪುಟ್ 45,000. ಉಳಿದ 45,000 ಮುಂದಿನ ತಿಂಗಳು ಕೈಯಿಂದ ಹೋಗುತ್ತದೆ, ಬಿಲ್ಲಿನ ದುಡ್ಡು ಮೂರು ತಿಂಗಳ ಮೇಲೆ ಬರುತ್ತದೆ. ಇಂಥವರು ಕ್ಯೂಆರ್‌ಎಂಪಿಯಲ್ಲಿದ್ದು ಶೇ 35ರ ದಾರಿ ಬಳಸಿದರೆ ಒಂದಿಷ್ಟು ಉಸಿರಾಡಬಹುದು. ಬಿಲ್ಲು ಯಾವಾಗ ಮಾಡಬೇಕು ಅನ್ನುವುದನ್ನೂ ಕೆಲಸ ಹಿಡಿಯುವಾಗಲೇ ಬರೆದುಕೊಳ್ಳಬೇಕು. ಹಂತ ಹಂತವಾಗಿ ಹಣ ಕೊಡುವ ಕರಾರು ಇದ್ದರೆ ಹಂತ ಹಂತವಾಗಿ ಬಿಲ್ಲು, ತೆರಿಗೆಯೂ ಹಾಗೇ. 30ನೇ ತಾರೀಖು ಸಂಜೆ ಆತುರಪಟ್ಟು ಬಿಲ್ಲು ಹರಿಯುವುದಕ್ಕೂ, ಮಾಲು 1ರಂದು ಹೊರಡುವುದಾದರೆ 1ರಂದು ಬಿಲ್ಲು ಮಾಡುವುದಕ್ಕೂ ತೆರಿಗೆಯಲ್ಲಿ ಒಂದು ತಿಂಗಳ ಅಂತರ ಇದೆ. ಆದರೆ ಮಾಲು ಹೊರಟ ಮೇಲೆ ಬಿಲ್ಲು ತಡಮಾಡುವ ಹಾಗಿಲ್ಲ.

ಗಿರಾಕಿ ಕೈಕೊಟ್ಟರೆ? ನಮ್ಮ ಜಿಎಸ್‌ಟಿಯಲ್ಲಿ ಮುಳುಗಿದ ಸಾಲಕ್ಕೆ ಕಟ್ಟಿದ ತೆರಿಗೆ ವಾಪಸ್ ಇಲ್ಲ. ಮಾಲು ವಾಪಸ್ ಬಂದರೆ, ಬೆಲೆ ಕಡಿಮೆಯಾದರೆ ಕ್ರೆಡಿಟ್ ನೋಟ್ ಕೊಡಬಹುದು. ದುಡ್ಡು ಕೊಡಲಿಲ್ಲ ಅನ್ನುವ ಕಾರಣಕ್ಕೆ ಕೊಡುವಂತಿಲ್ಲ. ಆದರೆ ವರ್ತಕ ಗಿರಾಕಿಯನ್ನು ಎಚ್ಚರಿಸಲು ಒಂದು ಅಸ್ತ್ರ ಇದೆ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ಅವನು ತೆಗೆದುಕೊಂಡ ಇನ್‌ಪುಟ್ ಅನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. 150ನೇ ದಿನಕ್ಕೆ ಬಿಲ್ಲಿನ ನಂಬರು ಹಾಕಿ ಒಂದು ವಾಟ್ಸ್‌ಆ್ಯಪ್ ಕಳಿಸಿ. ಬೈದು ಫೋನ್ ಮಾಡುವುದಕ್ಕಿಂತ ಇದರಲ್ಲಿ ಕೆಲಸ ಬೇಗ ಆಗುತ್ತದೆ.

ಸೇವೆಯಲ್ಲಿ ಲೆಕ್ಕ ಬೇರೆ. ಬಿಲ್ಲು ಅಥವಾ ಹಣ, ಯಾವುದು ಮೊದಲು ಬಂದರೆ ಆಗಲೇ ತೆರಿಗೆ. ಕಲ್ಯಾಣ ಮಂಟಪದವರು ಏಪ್ರಿಲ್ ಮದುವೆಗೆ ನವೆಂಬರ್‌ನಲ್ಲಿ 50,000 ಮುಂಗಡ ತೆಗೆದುಕೊಂಡರೆ, ಅದರಲ್ಲಿ ಶೇ 18ರ ತೆರಿಗೆ ಸೇರಿದೆ ಎಂದಿಟ್ಟುಕೊಂಡರೂ 7,627 ರೂಪಾಯಿ ನವೆಂಬರ್‌ನ ತೆರಿಗೆ. ಮದುವೆ ಆದ ಮೇಲೆ ಪೂರ್ತಿ ಬಿಲ್ಲು ಮಾಡುವಾಗ ಕಟ್ಟೋಣ ಅಂದುಕೊಂಡರೆ ಐದು ತಿಂಗಳ ಬಡ್ಡಿ. ಸರಕಿನ ಮುಂಗಡಕ್ಕೆ ಈ ನಿಯಮ 2017ರ ನವೆಂಬರ್ 15ರಿಂದ ಇಲ್ಲ.

ಇನ್‌ಪುಟ್ ಎಷ್ಟೇ ಇದ್ದರೂ ನಗದಾಗಿಯೇ ಕಟ್ಟಬೇಕಾದ್ದು ರಿವರ್ಸ್ ಚಾರ್ಜ್, ಅಂದರೆ ಮಾರಿದವರ ಬದಲು ಕೊಂಡವರೇ ಕಟ್ಟುವ ತೆರಿಗೆ. ನಮ್ಮ ಕಡೆ ಇದರ ಹಳೆಯ ಉದಾಹರಣೆ ಹತ್ತಿ. ರೈತನಿಂದ ನೇರ ಹತ್ತಿ ಕೊಂಡ ನೋಂದಾಯಿತ ವರ್ತಕ ರೈತನ ಬದಲಿಗೆ ತಾನೇ ಶೇ 5 ಕಟ್ಟಬೇಕು. 10 ಲಕ್ಷದ ಹತ್ತಿಗೆ 50,000 ನಗದು. ಕಟ್ಟಿದ ಅದೇ ತಿಂಗಳು ಇನ್‌ಪುಟ್ ಆಗಿ ಸಿಗುತ್ತದೆ, ಆದರೆ ಮೊದಲು ಬ್ಯಾಂಕಿನಿಂದ ಹೋಗಬೇಕು. ಈಗ ಹೆಚ್ಚಿನ ಅಂಗಡಿಗಳನ್ನು ತಟ್ಟಿರುವುದು ಬಾಡಿಗೆ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ಅನ್ನು ಬಾಡಿಗೆದಾರ ವರ್ತಕನೇ ಕಟ್ಟಬೇಕು. ಕಾಂಪೋಸಿಷನ್‌ನವರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಸಿಕ್ಕಿದೆ. ಮಂಡಿಪೇಟೆಯ ಹಳೆಯ ಕಟ್ಟಡದಲ್ಲಿ 20,000 ಬಾಡಿಗೆ ಕೊಡುವವರಿಗೆ ತಿಂಗಳಿಗೆ 3,600. ಸ್ವಯಂ ಲೆಕ್ಕದ ಚಲನ್ ಮಾಡುವಾಗ ಮರೆಯುವುದು ಹೆಚ್ಚಾಗಿ ಇದನ್ನೇ.

ತಡವಾದರೆ ಏನಾಗುತ್ತದೆ? ಬಡ್ಡಿ ವರ್ಷಕ್ಕೆ ಶೇ 18, ನಗದಾಗಿ ಕಟ್ಟಬೇಕಾದ ಭಾಗದ ಮೇಲೆ, ದಿನದ ಲೆಕ್ಕ. ಅದರ ಮೇಲೆ ರಿಟರ್ನ್ ತಡವಾದದ್ದಕ್ಕೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಏನೂ ವ್ಯವಹಾರ ಇಲ್ಲದ ನಿಲ್ ರಿಟರ್ನ್‌ಗೆ 20. ಲೇಟ್ ಫೀಗೆ ಮಿತಿ ಇದೆ: 1.5 ಕೋಟಿ ತನಕದವರಿಗೆ ಒಂದು ರಿಟರ್ನ್‌ಗೆ 2,000, 5 ಕೋಟಿ ತನಕ 5,000. ಒಂದು ಲಕ್ಷ ತೆರಿಗೆ ಮೂವತ್ತು ದಿನ ತಡವಾದರೆ ಬಡ್ಡಿ 1,479, ಲೇಟ್ ಫೀ 1,500. ಎರಡೂ ಸೇರಿ ತಿಂಗಳಿಗೆ ನೂರಕ್ಕೆ ಸುಮಾರು ಮೂರು ರೂಪಾಯಿ ಬಿತ್ತು. ಸರ್ಕಾರದ ದುಡ್ಡನ್ನು ವ್ಯಾಪಾರಕ್ಕೆ ತಿರುಗಿಸುತ್ತೇನೆ ಅನ್ನುವವರು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸಾಲದ ಬಡ್ಡಿ ದರವನ್ನು ಇದರ ಪಕ್ಕ ಇಟ್ಟು ನೋಡಲಿ.

ಎರಡು ತಿಂಗಳ 3ಬಿ ಸತತವಾಗಿ ಬಾಕಿಯಾದರೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಬಂದ್. ಕಾಂಪೋಸಿಷನ್‌ನವರಿಗೆ ಎರಡು ತ್ರೈಮಾಸಿಕದ ಸಿಎಂಪಿ-08. ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ಲೋಡ್ ಆದ ಲಾರಿ ಅಂಗಳದಲ್ಲೇ ನಿಂತಾಗ ಆಡಿಟರ್‌ಗೆ ಫೋನ್ ಬರುತ್ತದೆ. ಹಿಂದಿನ ಅವಧಿಯ 3ಬಿ ಹಾಕದಿದ್ದರೆ ಈ ಸಲದ ಜಿಎಸ್‌ಟಿಆರ್-1 ಕೂಡ ಹಾಕಲಾಗದು. ಅಂದರೆ ನಿಮ್ಮ ಗಿರಾಕಿಗೆ ಇನ್‌ಪುಟ್ ಕಾಣದು. ನಾವು ಕಟ್ಟದಿದ್ದರೆ ಗಿರಾಕಿಗೂ ಗೊತ್ತಾಗುತ್ತದೆ ಎಂದು ಆರಂಭದಲ್ಲಿ ಹೇಳಿದ್ದರ ಅರ್ಥ ಇದು.

ಈಗ ಬಹಳ ಜನಕ್ಕೆ ತಿಳಿಯದ ಒಂದು ಉಪಾಯ. ಪೋರ್ಟಲ್‌ನಲ್ಲಿ ಅರ್ಧ ತೆರಿಗೆ ಕಟ್ಟಿ ರಿಟರ್ನ್ ಹಾಕಲು ಬರುವುದಿಲ್ಲ. ಪೂರ್ತಿ ಹಣ ಹೊಂದಿಸಿದರೆ ಮಾತ್ರ 3ಬಿ ಮುಂದೆ ಹೋಗುತ್ತದೆ. ಒಂದು ಲಕ್ಷ ಕಟ್ಟಬೇಕು, ಕೈಯಲ್ಲಿ 80,000 ಇದೆ. ಹೆಚ್ಚಿನವರು ‘ಪೂರ್ತಿ ಆಗಲಿ, ಆಮೇಲೆ ಕಟ್ಟೋಣ’ ಎಂದು 80,000 ಅನ್ನೂ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ, ಅದೂ ಕರಗುತ್ತದೆ. ಹಾಗೆ ಮಾಡಬೇಡಿ. 80,000 ಅನ್ನು 20ರೊಳಗೆ ಕ್ಯಾಶ್ ಲೆಡ್ಜರ್‌ಗೆ ಹಾಕಿಡಿ. 2024ರ ಜುಲೈನಲ್ಲಿ ಬದಲಾದ ನಿಯಮದ ಪ್ರಕಾರ, ಕೊನೆಯ ದಿನದೊಳಗೆ ಲೆಡ್ಜರ್‌ಗೆ ಬಂದು, ರಿಟರ್ನ್ ಹಾಕುವ ತನಕ ಅಲ್ಲೇ ಉಳಿದ ಹಣಕ್ಕೆ ಬಡ್ಡಿ ಇಲ್ಲ. ಹದಿನೈದು ದಿನದ ಮೇಲೆ ಉಳಿದ 20,000 ಹೊಂದಿಸಿ ರಿಟರ್ನ್ ಹಾಕಿದರೆ ಬಡ್ಡಿ 148 ರೂಪಾಯಿ. ಏನೂ ಹಾಕದೆ ಕೂತಿದ್ದರೆ 740. ಲೇಟ್ ಫೀ 750 ಎರಡರಲ್ಲೂ ಇದೆ, ಅದನ್ನು ತಪ್ಪಿಸಲಾಗದು. ಕಂತಿನಲ್ಲಿ ಕಟ್ಟುತ್ತೇನೆ ಎಂದು ಅರ್ಜಿ ಹಾಕುವ ಅವಕಾಶ ಬೇರೆ ಬಾಕಿಗಳಿಗೆ ಇದೆ. ರಿಟರ್ನ್‌ನಲ್ಲಿ ನಾವೇ ತೋರಿಸಿದ ತೆರಿಗೆಗೆ ಇಲ್ಲ.

ಚಲನ್ ವಿಷಯದಲ್ಲಿ ಆಗುವ ಎಡವಟ್ಟುಗಳು ಹೆಚ್ಚುಕಮ್ಮಿ ಅವೇ ನಾಲ್ಕೈದು. ಚಲನ್ ಕಟ್ಟಿ, ರಿಟರ್ನ್ ಹಾಕುವುದನ್ನೇ ಮರೆಯುವುದು: ದುಡ್ಡು ಲೆಡ್ಜರ್‌ನಲ್ಲಿರುತ್ತದೆ, ತೆರಿಗೆ ಕಟ್ಟಿದಂತೆ ಆಗಿರುವುದಿಲ್ಲ, ಲೇಟ್ ಫೀ ಓಡುತ್ತಿರುತ್ತದೆ. ರಾಜ್ಯದ ಪಾಲಿನ ಹಣವನ್ನು ಕೇಂದ್ರದ ಕಾಲಮ್ಮಿಗೆ ಹಾಕುವುದು: ಪಿಎಂಟಿ-09ರಲ್ಲಿ ಬದಲಾಯಿಸಬಹುದು, ಗಾಬರಿ ಬೇಡ. ಕೇಂದ್ರದ ಇನ್‌ಪುಟ್‌ನಿಂದ ರಾಜ್ಯದ ತೆರಿಗೆ ಹೊಂದಿಸಲು ಆಗುವುದಿಲ್ಲ, ರಾಜ್ಯದ್ದರಿಂದ ಕೇಂದ್ರದ್ದೂ ಆಗದು. ಒಂದರಲ್ಲಿ ಇನ್‌ಪುಟ್ ತುಂಬಿ ತುಳುಕುತ್ತಿದ್ದರೂ ಇನ್ನೊಂದಕ್ಕೆ ನಗದು ಬೇಕಾಗಬಹುದು. ಬ್ಯಾಂಕಿಗೆ ಹೋಗಿ ನಗದು ಕಟ್ಟುವವರಿಗೆ ಒಂದು ಚಲನ್‌ಗೆ 10,000 ಮಿತಿ. ಚಲನ್‌ನ ಆಯುಷ್ಯ 15 ದಿನ. 20ರ ರಾತ್ರಿ ಕಟ್ಟಿದ ಹಣ ಸರ್ಕಾರದ ಖಾತೆಗೆ 21ಕ್ಕೆ ತಲುಪಿದರೆ, ಕಟ್ಟಿದ ದಿನ 21 ಅಂತಲೇ ಲೆಕ್ಕ. ಬ್ಯಾಂಕಿನಲ್ಲಿ ಕಡಿತ ಆಗಿ ಲೆಡ್ಜರ್‌ಗೆ ಬಾರದಿದ್ದರೆ ಒಂದು ದಿನ ನೋಡಿ ಪಿಎಂಟಿ-07 ಅರ್ಜಿ ಹಾಕಬೇಕು. ಇದಕ್ಕೇ ನಮ್ಮ ಸಲಹೆ: ಚಲನ್ ಅನ್ನು 18ಕ್ಕೇ ಮುಗಿಸಿ.

ಮನೆಯೊಳಗಿನ ಶಿಸ್ತಿನ ಬಗ್ಗೆ ಒಂದು ಮಾತು. ಕಾನೂನು ತಿಂಗಳಿಗೊಮ್ಮೆ ಕೇಳಲಿ, ಮೂರು ತಿಂಗಳಿಗೊಮ್ಮೆ ಕೇಳಲಿ, ಅಂಗಡಿಯವರು ವಾರಕ್ಕೊಮ್ಮೆ ಬೇರೆ ತೆಗೆದಿಡಬೇಕು. ಇನ್ನೊಂದು ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಚೆಕ್ ಪುಸ್ತಕ ಬೇಡ, ಅಂಗಡಿಯ ಕ್ಯೂಆರ್ ಕೋಡ್ ಅದಕ್ಕೆ ಜೋಡಿಸುವುದೂ ಬೇಡ. ಎಷ್ಟು ಹಾಕಬೇಕು? ಬಿಲ್ಲಿನ ತೆರಿಗೆ ಪೂರ್ತಿ ಅಲ್ಲ, ಇನ್‌ಪುಟ್ ಕಳೆದು ಹೋಗುವ ನಗದು ಮಾತ್ರ. ಹಿಂದಿನ ತ್ರೈಮಾಸಿಕದಲ್ಲಿ 30 ಲಕ್ಷ ಮಾರಾಟಕ್ಕೆ 45,000 ನಗದು ಕಟ್ಟಿದ್ದರೆ ಅದು ಶೇ 1.5. ಈ ವಾರ 2.4 ಲಕ್ಷ ವ್ಯಾಪಾರ ಆದರೆ ಶನಿವಾರ ಸಂಜೆ 3,600 ಆ ಖಾತೆಗೆ.

ಈ ಸೂತ್ರ ಕೈಕೊಡುವುದು ಸೀಸನ್‌ನಲ್ಲಿ. ದಸರಾಕ್ಕೆ ಮುಂಚೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಾಲು ತುಂಬುವಾಗ ಇನ್‌ಪುಟ್ ದಂಡಿಯಾಗಿ ಬರುತ್ತದೆ, ಕಟ್ಟುವುದೇ ಇರುವುದಿಲ್ಲ. ಮಾಲು ಖರ್ಚಾಗುವ ಅಕ್ಟೋಬರ್–ನವೆಂಬರ್‌ನಲ್ಲಿ ಹೊಸ ಖರೀದಿ ಕಡಿಮೆ, ಕೂಡಿಟ್ಟ ಇನ್‌ಪುಟ್ ಮುಗಿದು ಅನುಪಾತ ಶೇ 1.5ರಿಂದ ಏಕಾಏಕಿ ಮೇಲೇರುತ್ತದೆ. ಆದ್ದರಿಂದ ಸೀಸನ್‌ಗೆ ಹಿಂದಿನ ತ್ರೈಮಾಸಿಕದ ಅನುಪಾತ ಬೇಡ, ಹೋದ ವರ್ಷದ ಅದೇ ತ್ರೈಮಾಸಿಕದ್ದು ತೆಗೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವರ್ಷದಲ್ಲಿ ಜನವರಿ–ಮಾರ್ಚ್ ಲೆಕ್ಕಕ್ಕೂ ಹೋದ ವರ್ಷ ನೋಡಿದರೆ ತಪ್ಪುತ್ತದೆ, ಹಿಂದಿನ ಜಾತ್ರೆಯ ವರ್ಷ ನೋಡಬೇಕು.

‘ಬೇರೆ ದೇಶದಾಗೆ ಹೆಂಗ್ರೀ?’ ಎಂದೂ ಕೇಳಿದರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ವ್ಯಾಟ್. ಅವಧಿ ಮುಗಿದ ಒಂದು ತಿಂಗಳು ಏಳು ದಿನದೊಳಗೆ ರಿಟರ್ನ್ ಮತ್ತು ಹಣ. ವರ್ಷಕ್ಕೆ 13.5 ಲಕ್ಷ ಪೌಂಡ್ ತನಕದವರು ದುಡ್ಡು ಬಂದ ಮೇಲೆ ತೆರಿಗೆ ಕಟ್ಟುವ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಮೆರಿಕದ ಟೆಕ್ಸಸ್‌ನಲ್ಲಿ ತಿಂಗಳಿಗೆ 500 ಡಾಲರ್‌ಗಿಂತ ಕಡಿಮೆ ರಾಜ್ಯ ತೆರಿಗೆ ಬರುವವರು ತ್ರೈಮಾಸಿಕ, ಹೆಚ್ಚಿನವರು ಪ್ರತಿ ತಿಂಗಳು 20ರೊಳಗೆ. ಅಲ್ಲೂ 20 ಇರುವುದು ಕಾಕತಾಳೀಯ. ಸಮಯಕ್ಕೆ ಕಟ್ಟಿದವರಿಗೆ ಅಲ್ಲಿ ಶೇ 0.5 ಮುರಿದುಕೊಡುತ್ತಾರೆ. ವಸೂಲಿ ಕೆಲಸ ಮಾಡಿಕೊಡುವ ವರ್ತಕನಿಗೆ ಅದೊಂದು ಸಣ್ಣ ಕಮಿಷನ್ ಇದ್ದ ಹಾಗೆ. ನಮ್ಮಲ್ಲಿ ತಡಮಾಡಿದವನಿಗೆ ದಂಡ ಇದೆ, ಸಮಯಕ್ಕೆ ಕಟ್ಟಿದವನಿಗೆ ಏನೂ ಇಲ್ಲ. ನಮ್ಮ ಕಾನೂನಿನಲ್ಲಿ ಬದಲಾಗಬೇಕಾದ್ದು ಕಟ್ಟುವ ಅವಧಿಯಲ್ಲ. ಸಣ್ಣ ವರ್ತಕರಿಗೆ, ವರ್ಕ್‌ಶಾಪ್‌ನವರಿಗೆ ದುಡ್ಡು ಕೈಗೆ ಬಂದಾಗ ತೆರಿಗೆ ಅನ್ನುವ ಆಯ್ಕೆ ಬೇಕು. ಆ ಬೇಡಿಕೆಯನ್ನು ವರ್ತಕರ ಸಂಘಗಳು ಲೆಕ್ಕ ಸಮೇತ ಮುಂದಿಡಬೇಕು.

ಕೊನೆಯಲ್ಲಿ ಬದಲಾಯಿಸಿಕೊಳ್ಳುವ ವಿಧಾನ ಕೇಳಿದರು. ಪೋರ್ಟಲ್‌ನಲ್ಲಿ ರಿಟರ್ನ್ ವಿಭಾಗದೊಳಗೆ ತ್ರೈಮಾಸಿಕ ರಿಟರ್ನ್ ಆಯ್ಕೆಯ ಪುಟ ಇದೆ. ಹಿಂದಿನ ತ್ರೈಮಾಸಿಕದ ಎರಡನೇ ತಿಂಗಳ 1ರಿಂದ ಈ ತ್ರೈಮಾಸಿಕದ ಮೊದಲ ತಿಂಗಳ ಕೊನೆಯ ದಿನದ ತನಕ ಅದು ತೆರೆದಿರುತ್ತದೆ: ಏಪ್ರಿಲ್–ಜೂನ್‌ಗೆ ಫೆಬ್ರುವರಿ 1ರಿಂದ ಏಪ್ರಿಲ್ 30, ಜುಲೈ–ಸೆಪ್ಟೆಂಬರ್‌ಗೆ ಮೇ 1ರಿಂದ ಜುಲೈ 31, ಅಕ್ಟೋಬರ್–ಡಿಸೆಂಬರ್‌ಗೆ ಆಗಸ್ಟ್ 1ರಿಂದ ಅಕ್ಟೋಬರ್ 31, ಜನವರಿ–ಮಾರ್ಚ್‌ಗೆ ನವೆಂಬರ್ 1ರಿಂದ ಜನವರಿ 31. ಆ ಹೊತ್ತಿಗೆ ಹಾಕಬೇಕಾಗಿದ್ದ ಕೊನೆಯ ರಿಟರ್ನ್ ಹಾಕಿರಬೇಕು. ಒಮ್ಮೆ ಆರಿಸಿದರೆ ನೀವಾಗಿ ಬದಲಾಯಿಸುವ ತನಕ ಅದೇ ಮುಂದುವರಿಯುತ್ತದೆ. ನಡುವೆ ವಹಿವಾಟು 5 ಕೋಟಿ ದಾಟಿದರೆ ಮುಂದಿನ ತ್ರೈಮಾಸಿಕದಿಂದ ತಿಂಗಳ ರಿಟರ್ನ್‌ಗೆ ಬರಬೇಕು. ಕಾಂಪೋಸಿಷನ್‌ಗೆ ಹೋಗುವವರು ಮಾತ್ರ ಹಣಕಾಸು ವರ್ಷ ಶುರುವಾಗುವ ಮುಂಚೆಯೇ, ಮಾರ್ಚ್ 31ರೊಳಗೆ, ಸಿಎಂಪಿ-02 ಹಾಕಬೇಕು. ಅದು ತಪ್ಪಿದರೆ ಮುಂದಿನ ವರ್ಷದ ತನಕ ಕಾಯಬೇಕು.